ಬೈಚಪ್ಪನವರ ಹೆಸರಿನಲ್ಲಿ

ಮೊದಲು ನೋಡುವುದು ಹಸಿರನ್ನು.
ಐದೂ ಹತ್ತಕ್ಕೆ, ನರಸಾಪುರದ ಮೂರನೇ ಗೇಟಿನ ಒಳಗೆ,
ಕ್ಯಾಂಟೀನಿನ ಹಬೆ ಇನ್ನೂ ಗಾಜಿಗೆ ಏರದ ಹೊತ್ತಿಗೆ
ನಾಲ್ಕು ಸರ್ವರು, ನಾಲ್ಕು ದೀಪ.
ಹಸಿರನ್ನು ನಂಬಬೇಡ ಎಂದು ಕಲಿಸಿದವರು ಬೈಚಪ್ಪನವರು:
"ಜ್ವರ ಬಂದ ಮಗೂನೂ ನಗ್ತೈತಮ್ಮ ಒಂದೊಂದ್ಸಲ.
ಮೈ ಮುಟ್ಟಿ ನೋಡು."

ಮುಟ್ಟಿ ನೋಡುತ್ತೇನೆ.
ಡಿಸ್ಕು ನೂರಕ್ಕೆ ಎಂಬತ್ತೊಂದು, ನಿನ್ನೆ ಎಂಬತ್ತಿತ್ತು.
ಬ್ಯಾಕಪ್ಪು ಎರಡು ಗಂಟೆ ಹದಿನಾಲ್ಕು ನಿಮಿಷ,
ಭಾನುವಾರಕ್ಕಿಂತ ಹತ್ತು ನಿಮಿಷ ಸೋಮಾರಿ.
ನಡುದಾರಿಯಲ್ಲಿ ಮುರಿದುಬಿದ್ದ ಪ್ರೋಗ್ರಾಮು ಮೂರು;
ಎರಡು ಹಳೆಯವು, ನಮ್ಮ ಬೀದಿ ತಿರುವಿನ ಕುಂಟನಾಯಿಯ ಹಾಗೆ
ದಿನಾ ಕಾಣುವಂಥವು, ಕಾಣದಿದ್ದರೇ ಗಾಬರಿ.
ಮೂರನೆಯದಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಸುತ್ತು.
ಸ್ಟೋರಿನ ಗಂಗುಲಪ್ಪ ಸಂಜೆ ಚೀಟಿ ತೆರೆದವನು
ಮುಚ್ಚದೆ ವೇಮಗಲ್ ಬಸ್ಸು ಹತ್ತಿದ್ದಾನೆ.
ಬೀಗ ಅವನ ಹೆಸರಲ್ಲಿ. ಆರುನೂರು ಬ್ರೇಕ್ ಡಿಸ್ಕು
ಯಾರೂ ಮುಟ್ಟಲಾಗದೆ ರಾತ್ರಿಯಿಡೀ ನಿಂತಿವೆ.
ಬಿಡಿಸುತ್ತೇನೆ.
ಬೈಗುಳವನ್ನು ಒಂಬತ್ತು ಗಂಟೆಗೆ ಎತ್ತಿಡುತ್ತೇನೆ.

ಕೊನೆಗೆ ಆ ಒಂದು ಕೆಲಸ.
ಮೂರು ನಲವತ್ತಕ್ಕೆ ತಾನಾಗಿ ಏಳುತ್ತದೆ,
ಮೂರು ಶಿಫ್ಟಿನ ಲೆಕ್ಕ ಕೂಡಿಸಿ
ಹೊಸೂರಿನ ಲಾರಿಗಳಿಗೆ ಬಿಲ್ಲು ಬರೆದು
ನಾಲ್ಕೂ ಐದಕ್ಕೆ ಮಲಗುತ್ತದೆ.
ಮಾಡಿಸಿದವರು: ಬೈಚಪ್ಪ ಎಂ.
ಸ್ಥಿತಿ: ಮುಗಿದಿದೆ.

ಬೈಚಪ್ಪನವರು ರಿಟೈರಾಗಿ ಎರಡು ವರ್ಷ.
ಮುಳಬಾಗಿಲಿನಲ್ಲಿ ಅಳಿಯನ ಸೈಕಲ್ ಶಾಪಿನ ಮುಂದೆ
ಟ್ಯೂಬು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಾರಂತೆ.
ಹೆಸರು ಮಾತ್ರ ಇಲ್ಲೇ, ಡ್ಯೂಟಿಯ ಮೇಲೆ.
ಐಡಿ ಮುಚ್ಚಿದರೆ ಕೆಲಸ ಸಾಯುತ್ತದೆ,
ಕೆಲಸ ಸತ್ತರೆ ಲಾರಿ ಗೇಟು ದಾಟದು
ಅಂತ ಯಾರೂ ಕೈ ಹಾಕಲಿಲ್ಲ.

ಐದೂವರೆಗೆ ಫೋನು.
"ಏನ್ ಮುಬೀನಮ್ಮ, ಇವತ್ತು ನಾನ್ ಓಡಿದ್ನಾ?"
"ಓಡಿದ್ರಿ ಸಾರ್, ಇಪ್ಪತ್ತೈದು ನಿಮಿಷ."
"ನಿನ್ನೆಗಿಂತ ಒಂದ್ ನಿಮಿಷ ಜಾಸ್ತಿ. ವಯಸ್ಸಾಯ್ತು ಬಿಡು."
ಆಚೆ ಕೆಮ್ಮು, ನಗು, ಯಾವುದೋ ಬಸ್ಸಿನ ಹಾರ್ನು.

ಚಿಕ್ಕಂದಿನಲ್ಲಿ ಮಾಮು ಅಂತರಗಂಗೆಗೆ ಕರೆದೊಯ್ದಿದ್ದರು.
ಕಲ್ಲುಬಸವನ ಬಾಯಲ್ಲಿ ನೀರು.
ಎಲ್ಲಿಂದ ಬರುತ್ತೆ, ಕೇಳಿದೆ.
ಬರ್ತಾ ಇದೆಯಲ್ಲ, ಕುಡಿ, ಅಂದರು.
ಈ ಕಂಪನಿಯಲ್ಲೂ ಎಲ್ಲರೂ
ಬೊಗಸೆ ಒಡ್ಡಿದವರೇ.

ಮಾರ್ಚಿ ತಿಂಗಳಲ್ಲಿ ಆಡಿಟ್ಟಿನವರು ಬಂದರು.
ಇಲ್ಲದ ನೌಕರ ಬದುಕಿರಕೂಡದು ಎಂದು
ನಾಲ್ಕನೇ ಪುಟದಲ್ಲಿ ಕೆಂಪಕ್ಷರ.
ಶನಿವಾರ ರಾತ್ರಿ ಕೂತು ಬದಲಿಸಿದೆ.
ಹೊಸ ಹೆಸರು ಮನುಷ್ಯರದ್ದಲ್ಲ: ಬ್ಯಾಚ್ ಸೊನ್ನೆ ಒಂದು.
ಬೈಚಪ್ಪ ಎಂ. ಪಕ್ಕದಲ್ಲಿ ಪುಟ್ಟದೊಂದು ಬೀಗ ಮೂಡಿತು.
ಕೈ ನಡುಗಿತು ಅಂದರೆ ಸುಳ್ಳು.
ನಿದ್ದೆ ಬಂದಿತ್ತು, ಅಷ್ಟೇ.

ಮೂರು ನಲವತ್ತು. ಎದ್ದಿತು.
ಹೆದ್ದಾರಿಯಲ್ಲಿ ಟೊಮೆಟೊ ಲಾರಿಗಳು ಕೋಲಾರದ ಮಂಡಿ ಕಡೆ,
ನಮ್ಮವು ಹೊಸೂರಿನ ಕಡೆ.
ಇಪ್ಪತ್ತೆರಡೇ ನಿಮಿಷ. ಮುಗಿದಿದೆ.

ಐದೂವರೆ.
"ಏನ್ ಮುಬೀನಮ್ಮ..."

ಪರದೆಯಲ್ಲಿ ನಾಲ್ಕೂ ಹಸಿರು.
"ಲಾರಿಗಳು ಹೋದ್ವು ಸಾರ್" ಅಂದೆ.

ಆಚೆ ಶಟರು ಎತ್ತುವ ಸದ್ದು,
ಎತ್ತುವುದು ಅರ್ಧಕ್ಕೇ ನಿಂತ ಸದ್ದು.
"ಹೋದ್ವಾ. ಸರಿ ಮತ್ತೆ."
ಎಷ್ಟು ನಿಮಿಷ ಅಂತ ಕೇಳಲಿಲ್ಲ.

ಡಿಸ್ಕು ಎಂಬತ್ತೆರಡು.
ಬರೆದುಕೊಂಡೆ.